ಗೆಳೆತನಕ್ಕೂ ಎಂಟನೇ ಕ್ಲಾಸಿಗೇ ಟಿಸಿ ಕೊಡ್ತೀರಾ?

ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮೊನ್ನೆ ಭಾನುವಾರ ಫ್ರೆಂಡ್‌ಶಿಪ್ ಡೇ ಮುಗೀತು. ಮೂರು ದಿನದಿಂದ ಎಲ್ಲಿ ನೋಡಿದ್ರೂ ಒಂದೇ ಥರದ ವಿಡಿಯೋಗಳು. ಕಾರಿನಿಂದ ಇಳಿದ ಹುಡುಗ ಬರಿಗಾಲಿನ ಹುಡುಗನಿಗೆ ತನ್ನ ಶೂ ಬಿಚ್ಚಿ ಕೊಡ್ತಾನೆ. ಓನರ್ ಮಗಳು ಮನೆಗೆಲಸದವಳ ಮಗಳಿಗೆ ಕೇಕ್ ತಿನ್ನಿಸ್ತಾಳೆ. ಹಿಂದೆ ಪಿಟೀಲು. ಕೆಳಗೆ ಸಾವಿರಾರು ಕಾಮೆಂಟು: 'ಸ್ನೇಹಕ್ಕೆ ಬಡವ ಬಲ್ಲಿದ ಅನ್ನೋದಿಲ್ಲ', 'ಕೃಷ್ಣ ಕುಚೇಲರ ಹಾಗೆ', 'ಇಂಥ ಅಪರೂಪದ ಗೆಳೆತನ ಇನ್ನೂ ಉಳಿದಿದೆ'. ನಮ್ಮ ಗುಂಪುಗಳಲ್ಲೂ ನಮ್ಮವರೇ ಇದನ್ನ ಫಾರ್ವರ್ಡ್ ಮಾಡಿ ಕೈಮುಗಿದಿದ್ದಾರೆ.

ನನ್ನ ಪ್ರಶ್ನೆ ಒಂದೇ. ಅಪರೂಪ ಅಂತೀರಲ್ಲ, ಅದನ್ನ ಅಪರೂಪ ಮಾಡಿದ್ದು ಯಾರು?

ಮೊದಲು ಆ ಕುಚೇಲನ ಕಥೆಯನ್ನೇ ತಗೊಳ್ಳೋಣ. ಅವಲಕ್ಕಿ ಗಂಟು, ಅರಮನೆ, ಅಪ್ಪುಗೆ, ಇಷ್ಟು ಎಲ್ಲರಿಗೂ ನೆನಪಿದೆ. ಆದರೆ ಅವರಿಬ್ಬರೂ ಗೆಳೆಯರಾಗಿದ್ದು ಎಲ್ಲಿ? ಸಾಂದೀಪನಿಯ ಗುರುಕುಲದಲ್ಲಿ. ಕುಚೇಲ ಬಡವ ಹೌದು, ಆದರೆ ಬ್ರಾಹ್ಮಣ. ಅವನ ಬಡತನ ಗುರುಕುಲದ ಬಾಗಿಲು ಮುಚ್ಚಲಿಲ್ಲ. ಒಟ್ಟಿಗೆ ಕೂತರು, ಒಟ್ಟಿಗೆ ಓದಿದರು, ಅದಕ್ಕೇ ಗೆಳೆಯರಾದರು. ಇನ್ನೊಬ್ಬ ಹುಡುಗನೂ ಒಂದು ಗುರುಕುಲದ ಬಾಗಿಲಿಗೆ ಹೋಗಿದ್ದ. ಏಕಲವ್ಯ. ಅವನನ್ನ ಒಳಗೆ ಬಿಡಲಿಲ್ಲ. ಅರ್ಜುನ ಅವನಿಗೆ ಗೆಳೆಯ ಆಗಲಿಲ್ಲ, ಅವನ ಹೆಬ್ಬೆರಳು ಹೋಗೋದಕ್ಕೆ ಕಾರಣ ಆದ. ಒಂದೇ ಚಾಪೆ ಮೇಲೆ ಕೂತವರಿಗೆ ಗೆಳೆತನ, ಹೊರಗೆ ನಿಂತವನಿಗೆ ಗುರುದಕ್ಷಿಣೆ. ಇಷ್ಟೇ ಕಥೆ.

ಗೆಳೆತನ ಹೃದಯದಲ್ಲಿ ಹುಟ್ಟುತ್ತೆ ಅಂತ ಹಾಡು ಕಟ್ಟೋರು ಕಟ್ಟಲಿ. ನಾನು ಹೇಳ್ತೀನಿ, ಗೆಳೆತನ ಬೆಂಚಿನ ಮೇಲೆ ಹುಟ್ಟುತ್ತೆ. ಒಂದೇ ಬೆಂಚು, ಒಂದೇ ಮೇಷ್ಟ್ರು, ಒಂದೇ ಬೈಗುಳ, ಒಂದೇ ಡಬ್ಬಿ ಊಟ. ಇದು ಸಿಕ್ಕರೆ ಹನ್ನೆರಡು ಹದಿಮೂರು ವರ್ಷದ ಮಕ್ಕಳು ಗೆಳೆಯರಾಗೋದಕ್ಕೆ ಯಾವ ಮಹಾತ್ಮನೂ ಬೇಡ.

ಬಾಬಾಸಾಹೇಬರ ಬದುಕೇ ಇದಕ್ಕೆ ಸಾಕ್ಷಿ. ಸತಾರದ ಶಾಲೆಯಲ್ಲಿ ಬೇರೆ ಮಕ್ಕಳಿಂದ ದೂರ, ಮನೆಯಿಂದ ತಂದ ಗೋಣಿ ತಟ್ಟಿನ ಮೇಲೆ ಕೂರಬೇಕಿತ್ತು. ಶಾಲೆ ಗುಡಿಸೋ ಆಳೂ ಆ ತಟ್ಟನ್ನ ಮುಟ್ಟಲ್ಲ ಅಂತ ಸಂಜೆ ಅದನ್ನ ಮನೆಗೆ ಹೊತ್ತುಕೊಂಡು ಹೋಗ್ತಿದ್ದರು. ಇದನ್ನ ಅವರೇ ಬರೆದಿಟ್ಟಿದ್ದಾರೆ. ಮುಂದೆ ಬೊಂಬಾಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಅವರನ್ನ ಕಪ್ಪುಹಲಗೆ ಹತ್ತಿರ ಕರೆದಾಗ, ಅದರ ಹಿಂದೆ ಇಟ್ಟಿದ್ದ ಊಟದ ಡಬ್ಬಿಗಳನ್ನ ಎತ್ತಿಕೊಳ್ಳೋಕೆ ಮಕ್ಕಳು ಓಡಿದ್ದರು ಅಂತ ಜೀವನಚರಿತ್ರೆ ಹೇಳುತ್ತೆ. ಹದಿಹರೆಯದ ಅಷ್ಟೂ ವರ್ಷ ಹೀಗೆ. ಬೇರೆ ಸಮುದಾಯದ, ಅನುಕೂಲಸ್ಥ ಮನೆಯ ಜೀವದ ಗೆಳೆಯ ಅವರಿಗೆ ಸಿಕ್ಕಿದ್ದು 1913ರಲ್ಲಿ, ಸಮುದ್ರ ದಾಟಿದ ಮೇಲೆ, ಕೊಲಂಬಿಯಾ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ. ಪಾರ್ಸಿ ಹುಡುಗ ನವಲ್ ಭತೇನಾ. ಮುಂದೆ ಲಂಡನ್ನಿನ ಓದಿಗೆ ಸಾಲ ಕೊಟ್ಟ ಗೆಳೆಯ ಅವರೇ, ಕೊನೆವರೆಗೂ ಉಳಿದ ಗೆಳೆಯ.

ಈಗ ಇನ್ನೊಂದು ನೋಡಿ. 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಬಂದಾಗ ಇಳಿದುಕೊಂಡಿದ್ದ ವಸತಿಗೃಹದಿಂದ ಅವರನ್ನ ದೊಣ್ಣೆ ಹಿಡಿದು ಹೊರಗೆ ಹಾಕಿದ್ದು ಯಾರು? ಪಾರ್ಸಿಗಳೇ. ಅದೇ ಸಮುದಾಯ. ನ್ಯೂಯಾರ್ಕಿನಲ್ಲಿ ಗೆಳೆಯ, ಬರೋಡಾದಲ್ಲಿ ದೊಣ್ಣೆ. ವ್ಯತ್ಯಾಸ ಏನು? ಒಬ್ಬರ ಜೊತೆ ಒಂದೇ ಸೂರಿನ ಕೆಳಗೆ ಓದಿದ್ದರು, ಉಳಿದವರು ಜಾತಿ ಮಾತ್ರ ನೋಡಿದರು. ಅದಕ್ಕೇ ನಾನು ಒಳ್ಳೆ ಮನಸ್ಸು, ಕೆಟ್ಟ ಮನಸ್ಸು ಅನ್ನೋ ಮಾತನ್ನ ನಂಬೋದಿಲ್ಲ. ಒಟ್ಟಿಗೆ ಕೂರೋ ಜಾಗ ಇದೆಯಾ ಇಲ್ವಾ, ಅದನ್ನ ಕೇಳ್ತೀನಿ.

ನಮ್ಮ ದೇಶದಲ್ಲಿ ಆ ಜಾಗವನ್ನ ಸಣ್ಣದಾಗಿಯಾದ್ರೂ ಒದಗಿಸಿದ ಕಾನೂನು ಒಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ, ನಮ್ಮ ಬಾಯಲ್ಲಿ ಆರ್‌ಟಿಇ. ಅದರ 12(1)(ಸಿ) ಕಲಂ ಪ್ರಕಾರ ಖಾಸಗಿ ಶಾಲೆಗಳು ಪ್ರವೇಶದ ತರಗತಿಯಲ್ಲಿ ಶೇ. 25 ಸೀಟು ಬಡವರ, ತುಳಿತಕ್ಕೊಳಗಾದವರ ಮಕ್ಕಳಿಗೆ ಕೊಡಬೇಕು, ಫೀಸು ಸರ್ಕಾರ ಕಟ್ಟಿಕೊಡಬೇಕು. ಅನುದಾನ ಪಡೆಯದ ಅಲ್ಪಸಂಖ್ಯಾತರ ಶಾಲೆಗಳನ್ನ ಬಿಟ್ಟು ಉಳಿದ ಕಡೆ ಇದು ಸರಿ ಅಂತ ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 12ರಂದು ಹೇಳಿತು. ಕರ್ನಾಟಕದಲ್ಲಿ ಆ 25ರಲ್ಲಿ ಪರಿಶಿಷ್ಟ ಜಾತಿಗೆ 7.5, ಪರಿಶಿಷ್ಟ ಪಂಗಡಕ್ಕೆ 1.5, ಉಳಿದ ವರ್ಗಗಳಿಗೆ 16 ಅಂತ ಹಂಚಿಕೆ ಆಯ್ತು.

ಆ ವರ್ಷ ಏನಾಯ್ತು ಮರೆತಿದ್ದೀರಾ? ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಆರ್‌ಟಿಇ ಮಕ್ಕಳನ್ನ ಗುರುತು ಹಿಡಿಯೋಕೆ ತಲೆಗೂದಲು ಕತ್ತರಿಸಿದರು ಅನ್ನೋ ಆರೋಪ ಜುಲೈನಲ್ಲಿ ದೇಶದ ತುಂಬಾ ಸುದ್ದಿಯಾಯ್ತು. 'ಇಂಥವರನ್ನ ನಮ್ಮ ಮಕ್ಕಳ ಪಕ್ಕ ಕೂರಿಸ್ತೀರಾ' ಅಂತ ದೊಡ್ಡವರು ಹೊಯ್ಕೊಂಡರು. ಆದರೆ ಮಕ್ಕಳು? ಮಕ್ಕಳು ಸುಮ್ಮನೆ ಒಟ್ಟಿಗೆ ಕೂತುಬಿಟ್ಟವು.

ನಾನು ಹಗಲು ಆಫೀಸಿನಲ್ಲಿ ಗುಮಾಸ್ತಿಕೆ ಮಾಡೋ ಮನುಷ್ಯ. ಸಂಜೆ ಕೇರಿಯಲ್ಲಿ ಅರ್ಜಿ ತುಂಬಿಕೊಡೋದು, ಜಾತಿ ಆದಾಯ ಪ್ರಮಾಣಪತ್ರಕ್ಕೆ ಓಡಾಡೋದು. ಹಾಗಾಗಿ ಈ ಮಕ್ಕಳನ್ನ ಒಂದನೇ ಕ್ಲಾಸಿನಿಂದ ನೋಡಿಕೊಂಡು ಬಂದಿದ್ದೀನಿ. ಅವರಲ್ಲಿ ಒಬ್ಬಳ ವಿಷಯ ಹೇಳ್ತೀನಿ, ಹೆಸರು ಬೇಡ.

ತಾಯಿ ಪೌರಕಾರ್ಮಿಕರು. ಬೆಳಗ್ಗೆ ಆರೂವರೆಗೆ ಮಸ್ಟರಿಂಗ್. ಮಗಳಿಗೆ 2016ರಲ್ಲಿ ಆರ್‌ಟಿಇ ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತವಳು ಅಪಾರ್ಟ್‌ಮೆಂಟಿನ ಹುಡುಗಿ, ಅಪ್ಪ ಅಮ್ಮ ಇಬ್ಬರೂ ಸಾಫ್ಟ್‌ವೇರ್. ಇವಳ ಅಮ್ಮ ಗುಡಿಸೋ ರಸ್ತೆಯಲ್ಲೇ ಅವಳ ಅಪಾರ್ಟ್‌ಮೆಂಟಿನ ಗೇಟು. ಮೂರನೇ ಕ್ಲಾಸಿನಲ್ಲೇ ಇದು ಇಬ್ಬರಿಗೂ ಗೊತ್ತಾಯ್ತು, ಗೊತ್ತಾಗಿ ಏನೂ ಆಗಲಿಲ್ಲ. ಅವಳು ಇವಳಿಗೆ ಇಂಗ್ಲಿಷ್ ಸ್ಪೆಲ್ಲಿಂಗ್ ಹೇಳಿಕೊಟ್ಟಳು, ಇವಳು ಅವಳಿಗೆ ಕನ್ನಡದ ಒತ್ತಕ್ಷರ ತಿದ್ದಿದಳು. ಕೊರೊನಾದಲ್ಲಿ ಐದನೇ ಕ್ಲಾಸು ಆನ್‌ಲೈನ್ ಆದಾಗ ಈ ಮನೆಯಲ್ಲಿ ಇದ್ದದ್ದು ಒಂದು ಫೋನು, ಅದೂ ಅಮ್ಮನ ಜೊತೆ ಡ್ಯೂಟಿಗೆ ಹೋಗ್ತಿತ್ತು. ಆ ಹುಡುಗಿ ದಿನಾ ಪಾಠಗಳನ್ನ ವಾಯ್ಸ್ ಮೆಸೇಜ್ ಮಾಡಿ ಕಳಿಸ್ತಿದ್ದಳು. ಅಮ್ಮ ಮಧ್ಯಾಹ್ನ ಬಂದ ಮೇಲೆ ಇವಳು ಕೇಳಿ ಬರ್ಕೊಳ್ತಿದ್ದಳು. ಯಾರೂ ವಿಡಿಯೋ ಮಾಡಲಿಲ್ಲ, ಪಿಟೀಲು ಇರಲಿಲ್ಲ.

ಎಲ್ಲ ಚೆನ್ನಾಗಿತ್ತು ಅಂತಲ್ಲ. ಏಳನೇ ಕ್ಲಾಸಿನಲ್ಲಿ ಒಂದು ಪ್ರಾಜೆಕ್ಟಿಗೆ ಅಂತ ಇವಳು ಗೆಳತಿಯ ಮನೆಗೆ ಹೋದಾಗ ಗೇಟಿನಲ್ಲಿ ಸೆಕ್ಯೂರಿಟಿ ಕೇಳಿದ್ದು, 'ಯಾವ ಫ್ಲ್ಯಾಟ್ ಕೆಲಸಕ್ಕಮ್ಮ?' ಶಾಲೆ ಯೂನಿಫಾರ್ಮಿನಲ್ಲಿದ್ದಳು ಹುಡುಗಿ! ಬಣ್ಣ ನೋಡಿದ, ಚಪ್ಪಲಿ ನೋಡಿದ, ಲೆಕ್ಕ ಹಾಕಿದ. ಗೆಳತಿ ಇಳಿದು ಬಂದು ಅವನ ಹತ್ತಿರ ಜಗಳ ಆಡಿ ಕೈ ಹಿಡ್ಕೊಂಡು ಕರ್ಕೊಂಡು ಹೋದಳಂತೆ. ಹದಿಮೂರು ವರ್ಷದ ಹುಡುಗಿಗೆ ಆ ಧೈರ್ಯ ಕೊಟ್ಟಿದ್ದು ಯಾವ ಭಾಷಣ? ಏಳು ವರ್ಷದ ಬೆಂಚು.

2024ರ ಮಾರ್ಚ್‌ಗೆ ಎಂಟನೇ ಕ್ಲಾಸು ಮುಗೀತು. ಕಾಯ್ದೆ 6ರಿಂದ 14 ವರ್ಷದವರೆಗೆ, ಎಂಟನೇ ತರಗತಿವರೆಗೆ. ಒಂಬತ್ತಕ್ಕೆ ಶಾಲೆಯವರು ಹೇಳಿದ ಫೀಸು ತೊಂಬತ್ತು ಸಾವಿರ ದಾಟಿತ್ತು. ಕಟ್ಟಿ, ಇಲ್ಲಾ ಟಿಸಿ ತಗೊಳ್ಳಿ.

ಆಗ ಆ ಗೆಳತಿಯ ಅಪ್ಪ ಫೋನ್ ಮಾಡಿದರು. ಒಳ್ಳೆ ಮನುಷ್ಯರು, ನಾನು ಅವರನ್ನ ಟೀಕೆ ಮಾಡಲ್ಲ. 'ಎರಡು ವರ್ಷದ ಫೀಸು ನಾನು ಕಟ್ತೀನಿ, ನೀವೇನೂ ಯೋಚನೆ ಮಾಡಬೇಡಿ' ಅಂದರು. ನಿಮ್ಮ ವಿಡಿಯೋ ಆಗಿದ್ದರೆ ಇಲ್ಲಿ ಪಿಟೀಲು ಜೋರಾಗಬೇಕು. ಆದರೆ ಆ ತಾಯಿ ಬೇಡ ಅಂದುಬಿಟ್ಟರು. ಯಾಕಕ್ಕಾ ಅಂತ ನಾನೇ ಕೇಳಿದೆ. ಅವರು ಹೇಳಿದ್ದು ಇದು:

'ಅಣ್ಣಾ, ಇವತ್ತು ನನ್ ಮಗ್ಳು ಅವ್ರ ಮನೇಲಿ ಸೋಫಾ ಮೇಲೆ ಕೂತ್ಕೊತಾಳೆ. ದುಡ್ಡು ಇಸ್ಕೊಂಡ್ರೆ ನಾಳೆಯಿಂದ ನೆಲದ್ ಮೇಲೆ ಕೂತ್ಕೊತಾಳೆ. ಯಾರೂ ಹೇಳ್ಬೇಕಾಗಿಲ್ಲ, ಅವ್ಳೇ ಕೂತ್ಕೊತಾಳೆ.'

ಬಿಎ ಓದಿದ ನನಗೆ ಯಾವ ಪುಸ್ತಕದಲ್ಲೂ ಇಷ್ಟು ಸ್ಪಷ್ಟವಾಗಿ ಸಿಕ್ಕಿರಲಿಲ್ಲ. ಹಕ್ಕಿನಿಂದ ಪಕ್ಕದಲ್ಲಿ ಕೂತವಳು ಗೆಳತಿ. ದಾನದಿಂದ ಕೂತವಳು ಋಣದವಳು. ಕರ್ಣನಿಗೆ ದುರ್ಯೋಧನ ಅಂಗರಾಜ್ಯ ಕೊಟ್ಟ, ಗೆಳೆಯ ಅಂದ, ಕೊನೆಗೆ ಕರ್ಣ ಆ ಋಣ ತೀರಿಸಿದ್ದು ತನ್ನ ಜೀವ ಕೊಟ್ಟು. ಆ ತಾಯಿ ಮಗಳ ಗೆಳೆತನವನ್ನ ಋಣ ಆಗೋಕೆ ಬಿಡಲಿಲ್ಲ. ಆದರೆ ಉಳಿಸಿಕೊಳ್ಳೋಕೂ ಆಗಲಿಲ್ಲ. ಹುಡುಗಿ ಈಗ ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು, ಚೆನ್ನಾಗಿ ಓದ್ತಿದ್ದಾಳೆ. ಮೊದಮೊದಲು ವಾರಕ್ಕೊಂದು ಫೋನು, ಆಮೇಲೆ ತಿಂಗಳಿಗೆ, ಈಗ ಹುಟ್ಟುಹಬ್ಬಕ್ಕೊಂದು ಸ್ಟಿಕ್ಕರ್.

ಆ ಫೀಸನ್ನ ಕಟ್ಟಬೇಕಾಗಿದ್ದದ್ದು ಗೆಳತಿಯ ಅಪ್ಪ ಅಲ್ಲ, ಸರ್ಕಾರ. ಮಕ್ಕಳು ಸಣ್ಣವರಿದ್ದಾಗ ಯಾರ ಜೊತೆ ಬೇಕಾದ್ರೂ ಆಡ್ತಾರೆ. ನಾನು ಯಾರು, ಇವಳು ಯಾರು, ಈ ಊರಲ್ಲಿ ಹೀಗ್ಯಾಕೆ ಅಂತ ಪ್ರಶ್ನೆ ಹುಟ್ಟೋದು ಹದಿಮೂರು ಹದಿನಾಲ್ಕಕ್ಕೆ. ಸರಿಯಾಗಿ ಆ ವಯಸ್ಸಿಗೆ ನಮ್ಮ ಕಾನೂನು ಬೆಂಚು ಎಳೆದುಬಿಡುತ್ತೆ.

ಈಗ ಕರ್ನಾಟಕ ಮಾಡಿದ್ದನ್ನ ಕೇಳಿ. 2019ರ ಆರಂಭದಲ್ಲಿ, ಸಮ್ಮಿಶ್ರ ಸರ್ಕಾರ ಇದ್ದಾಗ, ನಿಯಮ ತಿದ್ದಿದರು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆರ್‌ಟಿಇ ಸೀಟು ಕೊಡಬೇಕಾಗಿಲ್ಲ ಅಂತ. ನಮ್ಮ ರಾಜ್ಯದಲ್ಲಿ ಸರ್ಕಾರಿ ಶಾಲೆ ಇಲ್ಲದ ನೆರೆಹೊರೆ ಎಷ್ಟಿದೆ? ಲಕ್ಷ ದಾಟಿದ್ದ ಸೀಟುಗಳು ಒಂದೇ ವರ್ಷದಲ್ಲಿ ಸಾವಿರದ ಲೆಕ್ಕಕ್ಕೆ ಬಂದವು. ಆ ವರ್ಷ ಮೇ ಕೊನೆಗೆ ನಮ್ಮ ಹೈಕೋರ್ಟ್ ಕೂಡ ತಿದ್ದುಪಡಿಯನ್ನ ಎತ್ತಿಹಿಡಿಯಿತು. ಆಮೇಲೆ ಬಿಜೆಪಿ ಬಂತು, ಆಮೇಲೆ ಕಾಂಗ್ರೆಸ್ ಬಂತು. ಎಲ್ಲದಕ್ಕೂ ಕಿತ್ತಾಡೋ ಮೂರು ಪಕ್ಷಗಳು ಇದೊಂದರಲ್ಲಿ ಎಷ್ಟು ಅನ್ಯೋನ್ಯ ನೋಡಿ!

ಇದೇ ಥರದ ತಿದ್ದುಪಡಿಯನ್ನ ಮಹಾರಾಷ್ಟ್ರ 2024ರ ಫೆಬ್ರವರಿಯಲ್ಲಿ ತಂತು. ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅದನ್ನ ಹೊಡೆದುಹಾಕಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯ ಬರೋಕೆ ಒಪ್ಪಲಿಲ್ಲ. ಅಲ್ಲಿ ತಪ್ಪಾಗಿದ್ದು ಇಲ್ಲಿ ಹೇಗೆ ಸರಿ? ಇನ್ನೊಂದು ಉದಾಹರಣೆ, ಛತ್ತೀಸ್‌ಗಢ. ನಾವು ಬೆಂಚು ಕಿತ್ತ ಅದೇ 2019ರಲ್ಲಿ ಅವರು ಆರ್‌ಟಿಇ ಮಕ್ಕಳ ಉಚಿತ ಶಿಕ್ಷಣವನ್ನ 12ನೇ ತರಗತಿವರೆಗೆ ವಿಸ್ತರಿಸಿದರು. ನಮಗಿಂತ ಶ್ರೀಮಂತ ರಾಜ್ಯ ಏನಲ್ಲ ಅದು. ಕೇಂದ್ರದ ಶಿಕ್ಷಣ ನೀತಿಯ 2019ರ ಕರಡಿನಲ್ಲೂ ಈ ಕಾಯ್ದೆಯನ್ನ 12ನೇ ತರಗತಿವರೆಗೆ ವಿಸ್ತರಿಸಬೇಕು ಅಂತ ಶಿಫಾರಸು ಇತ್ತು. ಕಾಯ್ದೆ ಮಾತ್ರ ಇದ್ದಲ್ಲೇ ಇದೆ.

ಈಗ ನಮ್ಮವರ ಹತ್ತಿರವೇ ಜಗಳ ಇದೆ. 2019ರಲ್ಲಿ ಸೀಟು ಕಿತ್ತಾಗ ನಮ್ಮ ಕನ್ನಡಪರರು, ಎಡಪಂಥದ ಕೆಲವು ಸಂಗಾತಿಗಳು, ನಮ್ಮ ಸಂಘಟನೆಗಳ ಕೆಲವರೂ ಚಪ್ಪಾಳೆ ತಟ್ಟಿದರು. 'ಆರ್‌ಟಿಇಯಿಂದ ಸರ್ಕಾರಿ ಶಾಲೆ ಮುಚ್ಚಿಹೋಗ್ತಿವೆ, ತೆರಿಗೆ ದುಡ್ಡು ಖಾಸಗಿಯವರ ಜೇಬಿಗೆ ಹೋಗ್ತಿದೆ' ಅಂದರು. ಮಾತಿನಲ್ಲಿ ಸತ್ಯ ಇದೆ. ಸಮಾನ ಶಾಲೆ, ನೆರೆಹೊರೆ ಶಾಲೆ ಬೇಕು ಅಂತ ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ನನಗೂ ಅದೇ ಬೇಕು. ಎಲ್ಲರ ಮಕ್ಕಳೂ ಒಂದೇ ಸರ್ಕಾರಿ ಶಾಲೆಗೆ ಬರೋ ದಿನ ಈ 25ನ್ನ ನಾನೇ ಮುಂದೆ ನಿಂತು ಬಿಟ್ಟುಕೊಡ್ತೀನಿ.

ಆದರೆ ಆಗಿದ್ದೇನು? ಸೀಟು ಹೋಯ್ತು, ಸರ್ಕಾರಿ ಶಾಲೆಗೆ ಶ್ರೀಮಂತರ ಮಕ್ಕಳು ಬಂದ್ರಾ? ಶಾಸಕರ ಮಗ ಬಂದನಾ? ತಹಶೀಲ್ದಾರರ ಮಗಳು ಬಂದಳಾ? ಸರ್ಕಾರದಿಂದ ಸಂಬಳ ತಗೊಳ್ಳೋರ ಮಕ್ಕಳು ಸರ್ಕಾರಿ ಶಾಲೆಯಲ್ಲೇ ಓದಬೇಕು ಅಂತ 2015ರಲ್ಲಿ ಅಲಹಾಬಾದ್ ಹೈಕೋರ್ಟ್ ಉತ್ತರ ಪ್ರದೇಶಕ್ಕೆ ಆದೇಶ ಮಾಡಿತ್ತು, ಅದು ಕಾಗದದಲ್ಲೇ ಉಳೀತು. ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಡಿಮೆ ಆಗ್ತಿರೋ ಸುದ್ದಿ ಇವತ್ತಿಗೂ ನಿಂತಿಲ್ಲ. ಅಂದರೆ ಸರ್ಕಾರಿ ಶಾಲೆ ಉಳಿಸೋ ಹೊಣೆಯನ್ನ ಕೇರಿಯ ಮಕ್ಕಳ ತಲೆ ಮೇಲೆ ಮಾತ್ರ ಹೊರಿಸಿದಿರಿ. ಆ ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಜನರ ಮಕ್ಕಳು ಸರ್ಕಾರಿ ಶಾಲೆಯಲ್ಲಿದ್ದಾರೆ? ಕಾಮೆಂಟಿನಲ್ಲಿ ಹೇಳಿ, ಕಾಯ್ತೀನಿ.

ಸರ್ಕಾರಿ ಶಾಲೆ ಕೀಳು ಅಂತ ನಾನು ಹೇಳ್ತಿಲ್ಲ. ನಾನು ಓದಿದ್ದೂ ಸರ್ಕಾರಿ ಶಾಲೆ, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲು. ನನ್ನ ಸಿಟ್ಟು ಬೇರೆ. ನಮ್ಮ ಮಕ್ಕಳು ಒಂದು ಕಡೆ, ಅವರ ಮಕ್ಕಳು ಒಂದು ಕಡೆ ಅಂತ ಬೇಲಿ ಹಾಕೋದಿದೆಯಲ್ಲ, ಅದಕ್ಕೆ ನಾವು ಹೊಲಗೇರಿ, ಊರು ಅಂತ ಹೆಸರಿಟ್ಟು ಬಹಳ ಕಾಲ ಆಯ್ತು. ಈಗ ಅದಕ್ಕೆ ಶಾಲೆಯ ಬೋರ್ಡು ಬಂದಿದೆ ಅಷ್ಟೇ. ವರ್ಗ ಅಂತ ಕರೀರಿ, ಬೇಡ ಅನ್ನಲ್ಲ. ಆದರೆ ಆ ಸೆಕ್ಯೂರಿಟಿ ಹುಡುಗಿಯನ್ನ ನೋಡಿ ಹಾಕಿದ ಲೆಕ್ಕದಲ್ಲಿ ದುಡ್ಡಿನ ಜೊತೆಗೆ ಇನ್ನೇನಿತ್ತು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಕೆಲವರು ಕೇಳ್ತಾರೆ. 'ಭೂಮಿ ಇಲ್ಲ, ಬ್ಯಾಕ್‌ಲಾಗ್ ಹುದ್ದೆ ತುಂಬಿಲ್ಲ, ನೀವು ಗೆಳೆತನ ಗೆಳೆತನ ಅಂತೀರಲ್ಲ, ಗೆಳೆತನದಿಂದ ಹೊಟ್ಟೆ ತುಂಬುತ್ತಾ?'

ತುಂಬುತ್ತೆ ಸ್ವಾಮಿ. ಯಾವ ಕೋರ್ಸಿಗೆ ಯಾವಾಗ ಅರ್ಜಿ, ಯಾವ ಪರೀಕ್ಷೆಗೆ ಯಾವ ತಯಾರಿ, ಯಾವ ಕಂಪನಿಯಲ್ಲಿ ಕೆಲಸ ಖಾಲಿ ಇದೆ, ಇದೆಲ್ಲ ಪೇಪರಿನಲ್ಲಿ ಬರೋ ಮೊದಲು ಗೆಳೆಯರ ಮನೆಯ ಹಾಲ್‌ನಲ್ಲಿ ಬರುತ್ತೆ. ನಾನು ಬಿಎ ಮುಗಿಸಿದಾಗ ಮುಂದೇನು ಅಂತ ಹೇಳೋಕೆ ಕೇರಿಯಲ್ಲಿ ಒಬ್ಬರೂ ಇರಲಿಲ್ಲ. ಮೇಲ್ಜಾತಿಯವರ 'ಮೆರಿಟ್' ಅನ್ನೋದರಲ್ಲಿ ಅರ್ಧ ಇಂಥ ಪರಿಚಯಗಳೇ. ಇದು ನಮ್ಮ ಕಡೆ. ಅವರ ಕಡೆಯೂ ಯೋಚಿಸಿ. ಆ ಅಪಾರ್ಟ್‌ಮೆಂಟಿನ ಹುಡುಗಿ ನಾಳೆ ಅಧಿಕಾರಿಯಾಗಿ ಪೌರಕಾರ್ಮಿಕರ ಸಂಬಳದ ಫೈಲಿಗೆ ಸಹಿ ಹಾಕುವಾಗ ಅವಳಿಗೆ ಒಂದು ಮುಖ ನೆನಪಾಗುತ್ತೆ. ಹನ್ನೆರಡು ವರ್ಷ ತನ್ನಂಥವರ ಜೊತೆ ಮಾತ್ರ ಓದಿದವಳಿಗೆ ಬರೀ ನಂಬರ್ ಕಾಣುತ್ತೆ.

ಸಂವಿಧಾನದ ಪೀಠಿಕೆಯಲ್ಲಿ ಭ್ರಾತೃತ್ವ ಅನ್ನೋ ಪದ ಇದೆ. ನೆಹರೂ ಮಂಡಿಸಿದ ಉದ್ದೇಶಗಳ ನಿರ್ಣಯದಲ್ಲಿ ಅದು ಇರಲಿಲ್ಲ. ಬಾಬಾಸಾಹೇಬರು ಅಧ್ಯಕ್ಷರಾಗಿದ್ದ ಕರಡು ಸಮಿತಿ ಸೇರಿಸಿತು. 1949ರ ನವೆಂಬರ್ 25ರ ಭಾಷಣದಲ್ಲಿ ಅವರು ಎಚ್ಚರಿಸಿದ್ದೂ ಅದನ್ನೇ: ಭ್ರಾತೃತ್ವ ಇಲ್ಲದೆ ಸ್ವಾತಂತ್ರ್ಯ, ಸಮಾನತೆ ಎರಡೂ ನಿಲ್ಲಲ್ಲ ಅಂತ. ನಾವು ಸಮಾನತೆಗೆ ಧರಣಿ ಕೂತಿದ್ದೀವಿ, ಸ್ವಾತಂತ್ರ್ಯಕ್ಕೆ ಜೈಲಿಗೆ ಹೋಗಿದ್ದೀವಿ. ಭ್ರಾತೃತ್ವವನ್ನ ಮಾತ್ರ ಫ್ರೆಂಡ್‌ಶಿಪ್ ಡೇ ವಿಡಿಯೋಗಳಿಗೆ ಬಿಟ್ಟುಕೊಟ್ಟಿದ್ದೀವಿ. ಅದಕ್ಕೂ ಬೀದಿಗಿಳಿಯೋ ಕಾಲ ಬಂದಿದೆ.

ಕಾಲ ಬಂದಿದೆ ಅಂತ ಬಾಯಿಮಾತಿಗೆ ಹೇಳ್ತಿಲ್ಲ. ಲೆಕ್ಕ ಹಾಕಿ. ನಿಯಮ ತಿದ್ದೋ ಮೊದಲು, 2018-19ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳು ಈಗ, ಈ 2025-26ರಲ್ಲಿ, ಎಂಟನೇ ಕ್ಲಾಸಿನಲ್ಲಿ ಕೂತಿದ್ದಾರೆ. ಬರೋ ಮಾರ್ಚ್‌ಗೆ ಅವರ ಕೈಗೂ ಟಿಸಿ. ಅದೇ ವರ್ಷ ಎಲ್‌ಕೆಜಿಗೆ ಸೇರಿದವರಿಗೆ ಇನ್ನೆರಡು ವರ್ಷ. ಅಲ್ಲಿಗೆ ದೊಡ್ಡ ಸಂಖ್ಯೆಯಲ್ಲಿ ಒಟ್ಟಿಗೆ ಕೂತ ಕೊನೆಯ ಮಕ್ಕಳೂ ಮುಗಿದರು. ಆಮೇಲೆ ನಿಮ್ಮ 'ಅಪರೂಪದ ಗೆಳೆತನ' ನಿಜವಾಗಲೂ ವಿಡಿಯೋದಲ್ಲಿ ಮಾತ್ರ ಸಿಗುತ್ತೆ.

ನಮ್ಮ ಬೇಡಿಕೆ ಮೂರೇ.

ಒಂದು, ಈಗ ಎಂಟನೇ ಕ್ಲಾಸಿನಲ್ಲಿರೋ ಪ್ರತಿ ಆರ್‌ಟಿಇ ಮಗುವಿಗೂ 12ರವರೆಗೆ ಅದೇ ಶಾಲೆಯಲ್ಲಿ, ಅಲ್ಲಿ ಪಿಯು ಇಲ್ಲದಿದ್ದರೆ 10ರವರೆಗಾದ್ರೂ, ಫೀಸು ಸರ್ಕಾರವೇ ಕಟ್ಟಬೇಕು. ಬರೋ ಬಜೆಟ್ಟಿನಲ್ಲೇ ಹಣ ಇಡಬೇಕು.

ಎರಡು, 2019ರ ತಿದ್ದುಪಡಿ ವಾಪಸ್ ಆಗಬೇಕು. ಇದಕ್ಕೆ ದಿಲ್ಲಿಗೆ ಹೋಗಬೇಕಾಗಿಲ್ಲ, ವಿಧಾನಸೌಧದ ಒಂದು ಅಧಿಸೂಚನೆ ಸಾಕು.

ಮೂರು, ಸರ್ಕಾರದ ಸಂಬಳ ತಗೊಳ್ಳೋರು, ಗೆದ್ದು ಕೂತಿರೋರು ತಮ್ಮ ಮಕ್ಕಳನ್ನ ಸರ್ಕಾರಿ ಶಾಲೆಗೆ ಕಳಿಸಬೇಕು. ನೆರೆಹೊರೆ ಶಾಲೆ ಅನ್ನೋದು ಅಲ್ಲಿಂದ ಶುರುವಾಗಲಿ.

ನೀವು ಮಾಡಬೇಕಾದದ್ದು: ನಿಮ್ಮ ಕೇರಿಯಲ್ಲಿ, ವಾರ್ಡಿನಲ್ಲಿ ಎಂಟನೇ ಕ್ಲಾಸಿನಲ್ಲಿರೋ ಆರ್‌ಟಿಇ ಮಕ್ಕಳ ಪಟ್ಟಿ ಮಾಡಿ. ತಂದೆತಾಯಿ ಸಹಿ ಹಾಕಿಸಿ ಬಿಇಒ ಕಚೇರಿಗೆ ಮನವಿ ಕೊಡಿ, ಸ್ವೀಕೃತಿ ಪಡೆಯೋದು ಮರೆಯಬೇಡಿ. ಮನವಿಯ ಮಾದರಿ ನಾನು ಬರೆದುಕೊಡ್ತೀನಿ, ಇನ್‌ಬಾಕ್ಸಿಗೆ ಬನ್ನಿ. ಮಾರ್ಚ್‌ಗೆ ಇನ್ನು ಏಳು ತಿಂಗಳಿದೆ.

ದಾನ ಬೇಡ, ಬೆಂಚು ಕೊಡಿ. ಗೆಳೆತನ ನಮ್ಮ ಮಕ್ಕಳು ಮಾಡ್ಕೊಳ್ತಾರೆ.

ಜೈ ಭೀಮ್.